ನಾಲ್ಕು ಟಿಕೆಟ್, ಒಂದು ರೂಮು: ಕಡಿಮೆ ಖರ್ಚಿನ ದ್ವೀಪ ಪ್ರವಾಸಕ್ಕೆ ಅಂಡಮಾನ್, ಶ್ರೀಲಂಕಾ, ಬಾಲಿಯಲ್ಲಿ ಯಾವುದು?

ಬೆನ್ನಿಗೆ ಚೀಲ ಹಾಕಿಕೊಂಡು ಊರೂರು ಸುತ್ತೋದು ಕಾಲೇಜು ಹುಡುಗರ ಬಾಬತ್ತು ಅನ್ನುವ ಮಾತು ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಇನ್ನೂ ಇದೆ. ಹೆಂಡತಿ ಮಕ್ಕಳ ಜೊತೆ ಹೊರಟರೆ 'ಸುಮ್ನೆ ಪ್ಯಾಕೇಜ್ ತಗೊಳ್ರಿ' ಅಂತ ನಾಲ್ಕು ಮಂದಿ ಹೇಳುತ್ತಾರೆ. ಪ್ಯಾಕೇಜ್ ಬೇಡ, ನಾವೇ ಬಸ್ಸು, ರೈಲು, ಹಡಗು ಹಿಡಿದು ಹೋಗುತ್ತೇವೆ ಅನ್ನುವವರಿಗೆ ಈ ಬರಹ.

ಇಂಟರ್ನೆಟ್‌ನಲ್ಲಿ ಸಿಗುವ 'ದಿನಕ್ಕೆ ಇಷ್ಟೇ ಖರ್ಚು' ಅನ್ನುವ ಲೆಕ್ಕ ಹೆಚ್ಚಾಗಿ ಒಬ್ಬರೇ ಹೋದವರದ್ದು. ಅದನ್ನು ನಾಲ್ಕರಿಂದ ಗುಣಿಸಿದರೆ ನಿಮ್ಮ ಖರ್ಚು ಸಿಗುವುದಿಲ್ಲ. ಯಾಕೆಂದರೆ ಪ್ರವಾಸದಲ್ಲಿ ಖರ್ಚು ಎರಡು ನಮೂನೆ. ವಿಮಾನ, ವೀಸಾ, ಹಡಗು, ಪ್ರವೇಶ ಟಿಕೆಟ್ ಇವೆಲ್ಲ ತಲೆಗಿಷ್ಟು ಅಂತ ಬೀಳುತ್ತವೆ. ರೂಮು, ಆಟೋ, ಬಾಡಿಗೆ ಕಾರು ಮನೆಮಂದಿಗೆಲ್ಲ ಸೇರಿ ಒಂದೇ ಲೆಕ್ಕ. ಒಬ್ಬನೇ ಹೋದವನು ಹಾಸ್ಟೆಲ್‌ನಲ್ಲಿ ಒಂದು ಮಂಚ ಹಿಡಿದು ದುಡ್ಡು ಉಳಿಸುತ್ತಾನೆ. ನೀವು ನಾಲ್ಕು ಮಂಚ ಹಿಡಿಯುವ ದುಡ್ಡಿಗೆ ಬಾಗಿಲಿರುವ ರೂಮೇ ಬರುತ್ತದೆ. ಅದೇ ಟ್ಯಾಕ್ಸಿ ಅವನಿಗೆ ಐಷಾರಾಮ, ನಿಮಗೆ ನಾಲ್ಕು ಜನರಿಗೆ ಹಂಚಿಹೋಗುವ ಖರ್ಚು. ಹಾಗಾಗಿ ದ್ವೀಪ ಆರಿಸುವಾಗ ನಾನು ಕೇಳುವುದು ಒಂದೇ: ಇಲ್ಲಿ ತಲೆಲೆಕ್ಕದ ಖರ್ಚು ಎಷ್ಟು ಸಲ ಬೀಳುತ್ತದೆ?

ಅದಕ್ಕೂ ಮೊದಲು ಕ್ಯಾಲೆಂಡರ್ ನೋಡಬೇಕು.

ರಜೆ ಯಾವಾಗ?

ನಮ್ಮ ಶಾಲೆಗಳಿಗೆ ದೊಡ್ಡ ರಜೆ ಇರುವುದು ಏಪ್ರಿಲ್-ಮೇ ತಿಂಗಳಲ್ಲಿ. ಇನ್ನೊಂದು ದಸರೆಗೆ. ಸಿಬಿಎಸ್‌ಇ ಶಾಲೆಗಳಲ್ಲಿ ಡಿಸೆಂಬರ್ ಕೊನೆಗೂ ಒಂದಿಷ್ಟು ದಿನ ಸಿಗುತ್ತದೆ. ದ್ವೀಪಗಳ ಮಳೆ ನಮ್ಮ ರಜೆ ಕೇಳಿ ಬರುವುದಿಲ್ಲ, ಅಲ್ವಾ?

ಅಂಡಮಾನ್‌ಗೆ ಡಿಸೆಂಬರ್‌ನಿಂದ ಏಪ್ರಿಲ್ ತನಕ ಒಳ್ಳೆ ಕಾಲ. ಪ್ರತಿ ವರ್ಷ ಮೇ ತಿಂಗಳಲ್ಲಿ ಪೇಪರಿನಲ್ಲಿ 'ಮುಂಗಾರು ಅಂಡಮಾನ್ ಮುಟ್ಟಿತು' ಅನ್ನುವ ಸುದ್ದಿ ಬರುತ್ತದಲ್ಲ, ಬಿತ್ತನೆಗೆ ಕಾದು ಕೂತ ನಮ್ಮ ರೈತರು ಖುಷಿಪಡುವ ಸುದ್ದಿ, ಅದು ಪ್ರವಾಸಿಗರಿಗೆ ಕೆಟ್ಟ ಸುದ್ದಿ. ಕೇರಳಕ್ಕೆ ಜೂನ್ 1ರ ಹೊತ್ತಿಗೆ ಬರುವ ಮುಂಗಾರು ಅಲ್ಲಿಗೆ ಮೇ ಮೂರನೇ ವಾರದ ಹೊತ್ತಿಗೇ ಬಂದಿರುತ್ತದೆ. ಸಮುದ್ರ ಏರಿದರೆ ಹಡಗು ನಿಲ್ಲುತ್ತದೆ. ಏಪ್ರಿಲ್ ಪರೀಕ್ಷೆ ಮುಗಿದ ಕೂಡಲೇ ಹೊರಟರೆ ಸರಿ, ಮೇ ಕೊನೆಗೆ ಅಂತ ಎಳೆದರೆ ತಾಪತ್ರಯ. ದಸರೆ ಹೊತ್ತಿಗೂ ಅಲ್ಲಿ ಮಳೆ ಪೂರ್ತಿ ಹೋಗಿರುವುದಿಲ್ಲ.

ಶ್ರೀಲಂಕಾದ್ದು ಮಜಾ ಇದೆ. ಪುಟ್ಟ ದೇಶ, ಎರಡು ಮಳೆಗಾಲ. ಗಾಲ್, ಮಿರಿಸ್ಸ ಇರುವ ದಕ್ಷಿಣ-ಪಶ್ಚಿಮ ಕರಾವಳಿಗೆ ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆಯದು. ಅಲ್ಲಿ ಮಳೆ ಶುರುವಾಗುವ ಮೇ ಹೊತ್ತಿಗೆ ಪೂರ್ವದ ಟ್ರಿಂಕೋಮಲಿ ಕಡೆ ಸಮುದ್ರ ತಣ್ಣಗೆ ಮಲಗಿರುತ್ತದೆ, ಸೆಪ್ಟೆಂಬರ್ ತನಕ ಹಾಗೇ. ಅಕ್ಟೋಬರ್-ನವೆಂಬರ್ ಮಾತ್ರ ಎರಡೂ ಕಡೆ ಮಳೆ.

ಬಾಲಿಗೆ ಏಪ್ರಿಲ್‌ನಿಂದ ಅಕ್ಟೋಬರ್ ತನಕ ಒಣ ಕಾಲ. ಅದು ಭೂಮಧ್ಯರೇಖೆಯ ಕೆಳಗಿದೆ, ಹಾಗಾಗಿ ನಮ್ಮ ಮಳೆಗಾಲದಲ್ಲಿ ಅವರಿಗೆ ಮಳೆ ಇರುವುದಿಲ್ಲ. ಬೇಸಿಗೆ ರಜೆ, ದಸರೆ ರಜೆ ಎರಡಕ್ಕೂ ಹೊಂದುವ ದ್ವೀಪ ಈ ಮೂರರಲ್ಲಿ ಇದೊಂದೇ.

ಅಂಡಮಾನ್: ಪಾಸ್‌ಪೋರ್ಟ್ ಬೇಡ, ಹಡಗಿನ ಲೆಕ್ಕ ಬೇಕು

ಮೊದಲ ಲಾಭ ಎದ್ದು ಕಾಣುತ್ತದೆ. ಪಾಸ್‌ಪೋರ್ಟ್, ವೀಸಾ, ಕರೆನ್ಸಿ ಯಾವ ತಲೆನೋವೂ ಇಲ್ಲ. ಆಧಾರ್ ಸಾಕು. ಹಿಂದಿ ಬಂದರೆ ಎಲ್ಲ ಕಡೆ ನಡೆಯುತ್ತದೆ. ಬಂಗಾಳಿ, ತಮಿಳು, ತೆಲುಗು ಮಾತಾಡುವವರೂ ಬೇಕಾದಷ್ಟು ಇದ್ದಾರೆ. 2020ರ ಆಗಸ್ಟ್‌ನಲ್ಲಿ ಚೆನ್ನೈನಿಂದ ಸಮುದ್ರದ ತಳದಲ್ಲಿ 2,300 ಕಿಲೋಮೀಟರ್ ಕೇಬಲ್ ಎಳೆದ ಮೇಲೆ ಇಂಟರ್ನೆಟ್ ಕೂಡ ಮೊದಲಿಗಿಂತ ಎಷ್ಟೋ ಸುಧಾರಿಸಿದೆ. ಆದರೂ ಸಣ್ಣ ದ್ವೀಪಗಳಲ್ಲಿ ಯುಪಿಐ ನಂಬಿ ಕೂರಬೇಡಿ, ಕೈಯಲ್ಲಿ ನಗದು ಇರಲಿ.

ಬುಕಿಂಗ್ ಮಾಡುವಾಗ ಹೆಸರುಗಳ ಗೊಂದಲ ಆಗುತ್ತದೆ. ಪೋರ್ಟ್ ಬ್ಲೇರ್ ಈಗ ಶ್ರೀ ವಿಜಯಪುರಂ, 2024ರಲ್ಲಿ ಹೆಸರು ಬದಲಾಯಿತು. ಹ್ಯಾವ್ಲಾಕ್ ಸ್ವರಾಜ್ ದ್ವೀಪವಾಗಿ, ನೀಲ್ ಶಹೀದ್ ದ್ವೀಪವಾಗಿ 2018ರಲ್ಲೇ ಬದಲಾಗಿವೆ. ವೆಬ್‌ಸೈಟ್‌ಗಳಲ್ಲಿ ಎರಡೂ ಹೆಸರು ಓಡಾಡುತ್ತಿವೆ. ನಮ್ಮ ವಿಜಯಪುರದವರು ಶ್ರೀ ವಿಜಯಪುರಂಗೆ ಹೊರಟರೆ ಮನೆಯಲ್ಲಿ ಹಿರಿಯರಿಗೆ ತಿಳಿಸಿ ಹೇಳುವುದೇ ಒಂದು ಕೆಲಸ.

ತಲೆಲೆಕ್ಕ ಬೀಳುವುದು ಎಲ್ಲಿ ಅಂದರೆ ಹಡಗಿನಲ್ಲಿ. ಶ್ರೀ ವಿಜಯಪುರಂನಿಂದ ಸ್ವರಾಜ್, ಅಲ್ಲಿಂದ ಶಹೀದ್, ಅಲ್ಲಿಂದ ವಾಪಸ್. ಮೂರು ಪ್ರಯಾಣ, ನಾಲ್ಕು ಜನ, ಹನ್ನೆರಡು ಟಿಕೆಟ್. ಖಾಸಗಿ ಎಸಿ ಹಡಗಿನಲ್ಲಿ ಒಂದು ಟಿಕೆಟ್ ಒಂದೂವರೆ ಸಾವಿರದ ಆಸುಪಾಸು ಅಂತಿಟ್ಟುಕೊಳ್ಳಿ. ಬರೀ ನೀರು ದಾಟಲು ಎಷ್ಟಾಯಿತು ನೋಡಿ! ಸರ್ಕಾರಿ ಹಡಗಿನಲ್ಲಿ ದರ ಬಹಳ ಕಡಿಮೆ. ಖಾಸಗಿಯದು ಒಂದೂವರೆ ಗಂಟೆಯಲ್ಲಿ ಸ್ವರಾಜ್ ಮುಟ್ಟಿಸಿದರೆ ಇದು ಎರಡೂವರೆ ಗಂಟೆ ತಗೊಳ್ಳುತ್ತದೆ. ಆದರೆ ಡೆಕ್ ಮೇಲೆ ಗಾಳಿಗೆ ನಿಲ್ಲಬಹುದು, ಮಕ್ಕಳಿಗೆ ಅದೇ ಖುಷಿ. ಒಳಗೆ ಮುಚ್ಚಿದ ಎಸಿಯಲ್ಲಿ ಕೂತರೆ ವಾಂತಿ ಆಗುವುದೂ ಜಾಸ್ತಿ. ಸರ್ಕಾರಿ ಟಿಕೆಟ್ ಕೆಲವೇ ದಿನ ಮುಂಚೆ ಬಿಡುತ್ತಾರೆ, ಬೇಗ ಖಾಲಿಯಾಗುತ್ತದೆ. ಮೂರರಲ್ಲಿ ಎರಡು ಪ್ರಯಾಣಕ್ಕೆ ಸರ್ಕಾರಿ ಹಡಗು ಸಿಕ್ಕರೂ ನೀವು ಗೆದ್ದಂತೆ.

ವಾಪಸ್ ವಿಮಾನದ ಹಿಂದಿನ ರಾತ್ರಿ ಶ್ರೀ ವಿಜಯಪುರಂನಲ್ಲೇ ಇರಬೇಕು. ಇದರಲ್ಲಿ ರಾಜಿ ಬೇಡ. ಗಾಳಿ ಎದ್ದರೆ ಹಡಗು ರದ್ದಾಗುತ್ತದೆ, ವಿಮಾನ ನಿಮಗಾಗಿ ಕಾಯುವುದಿಲ್ಲ.

ಸ್ವರಾಜ್‌ನಲ್ಲಿ ರಾಧಾನಗರ ಬೀಚ್ ಹೆಸರುವಾಸಿ. ಹೆಸರಿಗೆ ತಕ್ಕ ಹಾಗೇ ಇದೆ, ನೋಡಲು ದುಡ್ಡೂ ಇಲ್ಲ. ಜೆಟ್ಟಿಯಿಂದ ಸರ್ಕಾರಿ ಬಸ್ ಇದೆ, ಆದರೆ ಸಂಖ್ಯೆ ಕಡಿಮೆ. ಆಟೋದವರ ದರ ಕೇಳಿದರೆ ನಮ್ಮ ಊರಿನ ಆಟೋದವರು ದೇವರ ಹಾಗೆ ಕಾಣುತ್ತಾರೆ. ಸಂಜೆ ಐದೂವರೆಗೆಲ್ಲ ಕತ್ತಲಾಗುತ್ತದೆ. ಬೆಳಗ್ಗೆ ಐದಕ್ಕೇ ಬೆಳಕು. ಮಕ್ಕಳನ್ನು ಬೇಗ ಎಬ್ಬಿಸಿದರೆ ದಿನ ಉದ್ದವಾಗುತ್ತದೆ, ಹತ್ತಕ್ಕೆ ಎದ್ದರೆ ಅರ್ಧ ದಿನ ಹೋಯಿತು ಅಂತಲೇ ಲೆಕ್ಕ.

ನನಗೆ ಕೇಳಿದರೆ ಮಕ್ಕಳಿಗೆ ಶಹೀದ್ ದ್ವೀಪವೇ ಸರಿ. ಪುಟ್ಟ ದ್ವೀಪ, ಬಾಡಿಗೆ ಸೈಕಲ್‌ನಲ್ಲೇ ಸುತ್ತಬಹುದು, ತರಕಾರಿ ಹೊಲಗಳ ನಡುವೆ ರಸ್ತೆ. ಲಕ್ಷ್ಮಣಪುರದ ಕಡೆ ಬಂಡೆಯೇ ಕಮಾನಾಗಿ ನಿಂತ ಜಾಗವಿದೆ. ಅಲ್ಲಿನ ಬಂಗಾಳಿಗಳು ಅದಕ್ಕೆ ಹೌರಾ ಬ್ರಿಡ್ಜ್ ಅಂತ ಹೆಸರಿಟ್ಟಿದ್ದಾರೆ. ನೀರು ಇಳಿದಾಗ ಮಾತ್ರ ಅಲ್ಲಿಗೆ ನಡೆದು ಹೋಗಲು ಸಾಧ್ಯ, ಹಾಗಾಗಿ ಇಳಿತ ಎಷ್ಟು ಗಂಟೆಗೆ ಅಂತ ರೂಮಿನವರನ್ನು ಹಿಂದಿನ ದಿನವೇ ಕೇಳಿಡಿ. ಕಮಾನಿಗಿಂತ ಅದರ ದಾರಿ ಚೆಂದ. ಹವಳದ ಕಲ್ಲುಗಳ ನಡುವೆ ಮೊಣಕಾಲು ಮುಳುಗದಷ್ಟು ನೀರಿನ ಗುಂಡಿಗಳು. ಮೊದಲ ನಿಮಿಷ ಅದರಲ್ಲಿ ಏನೂ ಕಾಣುವುದಿಲ್ಲ. ಕುಕ್ಕರಗಾಲಲ್ಲಿ ಕೂತು ನೆರಳು ಬೀಳದ ಹಾಗೆ ನೋಡುತ್ತಿದ್ದರೆ ಕಲ್ಲು ಅಂದುಕೊಂಡದ್ದು ಏಡಿಯಾಗಿ ಸರಿಯುತ್ತದೆ, ಕಪ್ಪು ಬದನೆಕಾಯಿಯಂಥದ್ದು ಮೆಲ್ಲಗೆ ಮೈ ಎಳೆಯುತ್ತದೆ. ಅದು ಸಮುದ್ರ ಸೌತೆ, ಜೀವ ಇರುವ ಪ್ರಾಣಿ. ಹವಾಯಿ ಚಪ್ಪಲಿ ಜಾರುತ್ತದೆ, ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿಸಿ. ಹವಳ, ಕಪ್ಪೆಚಿಪ್ಪು ಆರಿಸಿ ಚೀಲಕ್ಕೆ ಹಾಕಿಕೊಳ್ಳಬೇಡಿ. ನಿಷೇಧ ಇದೆ, ವಿಮಾನ ನಿಲ್ದಾಣದಲ್ಲಿ ಚೀಲ ಬಿಚ್ಚಿಸುತ್ತಾರೆ.

ಮೊಸಳೆ ಎಚ್ಚರಿಕೆಯ ಬೋರ್ಡ್ ಇರುವ ಕಡೆ ನೀರಿಗೆ ಇಳಿಯಬಾರದು. ಅದು ತಮಾಷೆಗೆ ಹಾಕಿದ ಬೋರ್ಡ್ ಅಲ್ಲ, ಅಲ್ಲಿ ಉಪ್ಪುನೀರಿನ ಮೊಸಳೆಗಳಿವೆ. ಮರಳು ನೊಣ ಕಚ್ಚಿದರೆ ವಾರಗಟ್ಟಲೆ ತುರಿಕೆ, ಕಾಲಿಗೆ ಕೊಬ್ಬರಿ ಎಣ್ಣೆ ಸವರಿಕೊಂಡರೆ ಕಾಟ ಕಡಿಮೆ.

ಸೆಲ್ಯುಲರ್ ಜೈಲು ಬಿಡಬೇಡಿ. 1906ರಲ್ಲಿ ಕಟ್ಟಿ ಮುಗಿಸಿದ ಏಳು ಸಾಲುಗಳಲ್ಲಿ ಈಗ ಉಳಿದಿರುವುದು ಮೂರೇ. ಬಾರಾಟಾಂಗ್ ಅನ್ನುವ ದ್ವೀಪದ ಪ್ರವಾಸವನ್ನು ಮಾತ್ರ ಮಕ್ಕಳ ಜೊತೆ ನಾನು ಬಿಟ್ಟುಬಿಡುತ್ತೇನೆ. ನಸುಕಿಗೆ ಎದ್ದು ವಾಹನಗಳ ಸಾಲಿನಲ್ಲಿ ಜಾರವಾ ಬುಡಕಟ್ಟಿನ ಜನರ ಕಾಡಿನ ನಡುವೆ ಹೋಗಬೇಕು. ಅಲ್ಲಿ ಇಳಿಯುವ ಹಾಗಿಲ್ಲ, ಫೋಟೋ ತೆಗೆಯುವ ಹಾಗಿಲ್ಲ. ಅಷ್ಟಾಗಿಯೂ ಜನ ಕಿಟಕಿಗೆ ಮುಖ ಒತ್ತಿ ಮನುಷ್ಯರನ್ನು ನೋಡಲು ಕಾಯುತ್ತಾರಲ್ಲ, ಮಕ್ಕಳಿಗೆ ಅದನ್ನು ಕಲಿಸುವುದು ಬೇಡ ಅನ್ನಿಸುತ್ತದೆ.

ಶ್ರೀಲಂಕಾ: ಓಡಾಟ ಅಗ್ಗ, ಟಿಕೆಟ್ ಕೌಂಟರ್ ದುಬಾರಿ

ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆ. ಬೆಳಗಾವಿಯಿಂದ ಬೆಂಗಳೂರಿಗೆ ಹೋಗಲು ರಾತ್ರಿ ಪೂರ್ತಿ ರೈಲಿನಲ್ಲಿ ಮಲಗುವ ನಮಗೆ ಇದು ಏನೂ ಅಲ್ಲ. ಗಡಿಯಾರ ಕೂಡ ತಿರುಗಿಸಬೇಕಿಲ್ಲ, ಅಲ್ಲೂ ಇದೇ ಸಮಯ. ಹೊರಡುವ ಮೊದಲೇ ಇಟಿಎ ಅನ್ನುವ ಆನ್‌ಲೈನ್ ಅನುಮತಿ ತೆಗೆದುಕೊಂಡಿಟ್ಟರೆ ಒಳ್ಳೆಯದು. ಅದರ ಶುಲ್ಕದ ನಿಯಮ ಈಚಿನ ವರ್ಷಗಳಲ್ಲಿ ಮೇಲಿಂದ ಮೇಲೆ ಬದಲಾಗಿದೆ, ಹಾಗಾಗಿ ಅಲ್ಲಿನ ಸರ್ಕಾರಿ ವೆಬ್‌ಸೈಟ್‌ನಲ್ಲೇ ನೋಡಿ. ಅದೇ ಹೆಸರಿನಂತೆ ಕಾಣುವ ದಲ್ಲಾಳಿ ಸೈಟ್‌ಗಳು ಬಹಳ ಇವೆ.

ಒಳಗೆ ಓಡಾಡುವ ಖರ್ಚಿನಲ್ಲಿ ಈ ಮೂರರಲ್ಲಿ ಶ್ರೀಲಂಕಾವನ್ನು ಮೀರಿಸುವವರಿಲ್ಲ. ಬಸ್ಸು, ರೈಲು ತಲೆಲೆಕ್ಕವೇ ಆದರೂ ಆ ಲೆಕ್ಕ ಎಷ್ಟು ಸಣ್ಣದೆಂದರೆ ನಾಲ್ಕರಿಂದ ಗುಣಿಸಿದರೂ ನೋಯುವುದಿಲ್ಲ. ಕೊಲಂಬೊ ಫೋರ್ಟ್ ಸ್ಟೇಷನ್‌ನಿಂದ ಗಾಲ್‌ಗೆ ಹೋಗುವ ರೈಲು ಸಮುದ್ರದ ಅಂಚಿಗೇ ಓಡುತ್ತದೆ. ಬಲಗಡೆ ಕಿಟಕಿ ಹಿಡಿಯಿರಿ. ಮಾರುವವರು ಬುಟ್ಟಿ ಹೊತ್ತು 'ವಡೇ ವಡೇ' ಅಂತ ಕೂಗುತ್ತಾ ಬರುತ್ತಾರೆ. ನಮ್ಮವರ ಕೈ ತಾನಾಗಿ ಮುಂದೆ ಹೋಗುತ್ತದೆ. ಸಸ್ಯಾಹಾರಿಗಳು ಅಲ್ಲೇ ಒಂದು ಕ್ಷಣ ತಡೆಯಬೇಕು. 'ಪರಿಪ್ಪು ವಡೆ' ಅಂದರೆ ಬೇಳೆಯದು, ಥೇಟ್ ನಮ್ಮ ಮಸಾಲಾ ವಡೆಯೇ. 'ಇಸ್ಸೊ ವಡೆ' ಅಂದರೆ ಮೇಲೆ ಇಡೀ ಸೀಗಡಿ ಕೂತಿರುತ್ತದೆ. ಕೊಬ್ಬರಿ ಚಟ್ನಿಯ ಹಾಗಿರುವ ಪೋಳ್ ಸಂಬೋಲ್‌ನಲ್ಲೂ ಒಣಮೀನಿನ ಪುಡಿ ಹಾಕುವುದುಂಟು. ಕಣ್ಣಿಗೆ ಕಾಣುವುದಿಲ್ಲ, ಕೇಳಿಯೇ ತಿನ್ನಬೇಕು. ಇಷ್ಟು ಜಾಗ್ರತೆ ಮಾಡಿದರೆ ಅನ್ನ, ಬೇಳೆ ಸಾರು, ಹಲಸಿನಕಾಯಿ ಪಲ್ಯ, ಶಾವಿಗೆಯಂಥ ಇಡಿಯಪ್ಪ ಎಲ್ಲ ಕಡೆ ಸಿಗುತ್ತದೆ. ಖಾರವೂ ನಮ್ಮ ನಾಲಿಗೆಗೆ ಸರಿಹೋಗುತ್ತದೆ.

ಕ್ಯಾಂಡಿಯಿಂದ 'ಎಲ್ಲ' ಅನ್ನುವ ಊರಿಗೆ ಹೋಗುವ, ಜನ ಫೋಟೋ ಹಾಕುವ ಗುಡ್ಡಗಾಡು ರೈಲಿನ ವಿಷಯ: 2025ರ ನವೆಂಬರ್ ಕೊನೆಯಲ್ಲಿ ಬಂದ ದಿತ್ವಾ ಚಂಡಮಾರುತಕ್ಕೆ ಆ ಕಡೆಯ ಹಳಿಗಳು ಬಹಳ ಹಾಳಾದವು. ಯಾವ ಭಾಗ ಓಡುತ್ತಿದೆ ಅಂತ ವಿಚಾರಿಸಿಕೊಂಡೇ ರೂಮು ಬುಕ್ ಮಾಡಿ.

ದುಡ್ಡು ಸೋರುವುದು ಪ್ರವೇಶ ಟಿಕೆಟ್‌ಗಳಲ್ಲಿ. ವಿದೇಶಿಯರಿಗೆ ಡಾಲರ್ ಲೆಕ್ಕ. ಸಿಗಿರಿಯ ಬಂಡೆಕೋಟೆಗೆ ಭಾರತವೂ ಸೇರಿದ ಸಾರ್ಕ್ ಕೂಟದ ದೇಶದವರಿಗೆ ರಿಯಾಯಿತಿ ಇದೆ, ಪಾಸ್‌ಪೋರ್ಟ್ ತೋರಿಸಬೇಕು, ಆದರೂ ಮನೆಮಂದಿಗೆಲ್ಲ ಸೇರಿದರೆ ಭಾರವೇ. ಅದು ಐದನೇ ಶತಮಾನದ್ದು, ಹತ್ತಲು ಸಾವಿರದ ಇನ್ನೂರರಷ್ಟು ಮೆಟ್ಟಿಲು. ಬಾದಾಮಿಯ ಕೆಂಪು ಬಂಡೆ ಹತ್ತಿಳಿದು ಬೆಳೆದ ಮಕ್ಕಳಿಗೆ ಅಷ್ಟು ದುಡ್ಡು ಕೊಟ್ಟು ಇನ್ನೊಂದು ಬಂಡೆ ಹತ್ತಿಸಬೇಕಾ ಅಂತ ಯೋಚಿಸಿ. ಪಕ್ಕದ ಪಿದುರಂಗಲ ಗುಡ್ಡದ ಟಿಕೆಟ್ ಬಹಳ ಕಡಿಮೆ, ಮೇಲಿಂದ ಸಿಗಿರಿಯವೇ ಎದುರಿಗೆ ಕಾಣುತ್ತದೆ. ಕೊನೆಗೆ ಬಂಡೆಗಳ ಸಂದಿಯಲ್ಲಿ ಕೈಕಾಲು ಹಚ್ಚಿ ಏರಬೇಕು, ಸಣ್ಣ ಮಕ್ಕಳಿಗೆ ಬೇಡ.

ಮೇ ತಿಂಗಳಾದರೆ ಹೀಗೆ ಮಾಡಿ: ಕೊಲಂಬೊದಲ್ಲಿ ಕಾಲ ಕಳೆಯದೆ ನೇರ ಪೂರ್ವಕ್ಕೆ ಹೊರಡಿ. ದಾರಿಯಲ್ಲಿ ದಂಬುಲ್ಲದಲ್ಲಿ ಒಂದು ರಾತ್ರಿ. ಗುಹೆಯೊಳಗೆ ಸಾಲು ಬುದ್ಧನ ಮೂರ್ತಿಗಳಿವೆ. ಆಮೇಲೆ ಟ್ರಿಂಕೋಮಲಿಯ ಉಪ್ಪುವೇಲಿ ಅಥವಾ ನಿಲಾವೇಲಿ ಬೀಚಿನಲ್ಲಿ ಒಂದೇ ರೂಮು ಹಿಡಿದು ಉಳಿದ ದಿನ ಅಲ್ಲೇ ಇದ್ದುಬಿಡಿ. ಹತ್ತಿರದಲ್ಲೇ ಸಮುದ್ರದ ಮೇಲಿನ ಬಂಡೆಯ ತುದಿಯಲ್ಲಿ ಕೋಣೇಶ್ವರ ಶಿವನ ಗುಡಿ ಇದೆ. ಅಜ್ಜಿ ಜೊತೆಗಿದ್ದರೆ ಈ ಒಂದು ದರ್ಶನಕ್ಕೇ ಅವರಿಗೆ ಪ್ರವಾಸ ಸಾರ್ಥಕ.

ಬಾಲಿ: ಬಾಗಿಲಲ್ಲೇ ದೊಡ್ಡ ಬಿಲ್ಲು, ಆಮೇಲೆ ನಿರಾಳ

ಬಾಲಿಗೆ ಇಳಿದ ಕೂಡಲೇ ತಲೆಲೆಕ್ಕ ಜೋರಾಗಿ ಬೀಳುತ್ತದೆ. ವೀಸಾ ಆನ್ ಅರೈವಲ್ ಒಬ್ಬರಿಗೆ 5 ಲಕ್ಷ ರುಪಿಯಾ, ಅಂದರೆ ಇಂಡೋನೇಷ್ಯಾದ ದುಡ್ಡಿನಲ್ಲಿ. 2024ರ ಫೆಬ್ರವರಿಯಿಂದ ಪ್ರವಾಸಿ ತೆರಿಗೆ ಅಂತ ಇನ್ನೂ ಒಂದೂವರೆ ಲಕ್ಷ ರುಪಿಯಾ. ಮಕ್ಕಳಿಗೂ ಬಿಡುವುದಿಲ್ಲ. ನಾಲ್ವರಿಗೆ 26 ಲಕ್ಷ! ನಮ್ಮ ರೂಪಾಯಿಯಲ್ಲಿ 14 ಸಾವಿರದ ಆಸುಪಾಸು. ಬೆಂಗಳೂರಿನಿಂದ ನೇರ ವಿಮಾನ ಇದ್ದರೂ ಏಳು ಗಂಟೆ ಹತ್ತಿರದ ಹಾರಾಟ, ಟಿಕೆಟ್ ದರವೂ ಅದಕ್ಕೆ ತಕ್ಕಂತೆ.

ಒಳಗೆ ಹೋದ ಮೇಲೆ ಲೆಕ್ಕ ತಿರುಗುತ್ತದೆ. ಉಬುದ್ ಕಡೆ ಮನೆಯಂಗಳದಲ್ಲೇ ರೂಮು ಕೊಡುವ ಹೋಂಸ್ಟೇಗಳಿವೆ. ಬೆಳಗ್ಗೆ ಆ ಮನೆಯವರು ತೆಂಗಿನ ಗರಿಯ ಪುಟ್ಟ ತಟ್ಟೆಯಲ್ಲಿ ಹೂವು ಇಟ್ಟು ಬಾಗಿಲಿಗೆ ಪೂಜೆ ಮಾಡುವುದನ್ನು ಮಕ್ಕಳು ಕೂತು ನೋಡುತ್ತಾರೆ. ನಗರ ಬಸ್ಸು ನಂಬುವ ಹಾಗಿಲ್ಲ, ಆದರೆ ಡ್ರೈವರ್ ಸಮೇತ ಕಾರು ಇಡೀ ದಿನಕ್ಕೆ ಗೊತ್ತುಮಾಡಿಕೊಳ್ಳಬಹುದು. ಕಾರಿಗೆ ಬಾಡಿಗೆ, ಎಷ್ಟು ತಲೆ ಅಂತ ಕೇಳುವುದಿಲ್ಲ. ಒಬ್ಬನಿಗೆ ದುಬಾರಿಯಾದದ್ದು ನಾಲ್ವರಿಗೆ ಅಗ್ಗವಾಗುವುದು ಇಲ್ಲೇ. ಸ್ಕೂಟರ್ ಆಸೆ ಬಿಡಿ. ದ್ವಿಚಕ್ರಕ್ಕೆ ಮಾನ್ಯವಾದ ಅಂತಾರಾಷ್ಟ್ರೀಯ ಲೈಸೆನ್ಸ್ ಬೇಕು, ಮೇಲಾಗಿ ಅಲ್ಲಿಯ ಟ್ರಾಫಿಕ್ ಮಕ್ಕಳನ್ನು ಕೂರಿಸಿಕೊಂಡು ಹೋಗುವಂಥದ್ದಲ್ಲ.

ಹಾಗಾಗಿ ನಾಲ್ಕೈದು ದಿನಕ್ಕೆ ಬಾಲಿ ಸುತರಾಂ ಬೇಡ. ಬಾಗಿಲ ಖರ್ಚು ದಿನಗಳಿಗೆ ಹಂಚಿಹೋಗಬೇಕು. ಎರಡು ವಾರ ಇರುವುದಾದರೆ ಮಾತ್ರ ಹೊರಡಿ, ಅದೂ ದಕ್ಷಿಣದ ಗದ್ದಲ ಬಿಟ್ಟು ಅಮೆದ್, ಲೊವಿನಾದಂಥ ಊರುಗಳಲ್ಲಿ.

ಊಟಕ್ಕೆ ತೊಂದರೆ ಇಲ್ಲ, ವಾರುಂಗ್ ಅನ್ನುವ ಸಣ್ಣ ಖಾನಾವಳಿಗಳಲ್ಲಿ ಅನ್ನ, ತೋಫು, ಸೋಯಾದ ತೆಂಪೆ ಸಿಗುತ್ತದೆ. ಚಟ್ನಿಯಲ್ಲಿ ಸೀಗಡಿ ಪೇಸ್ಟ್ ಇರುತ್ತದೆ, 'ತಾನ್ಪಾ ತೆರಾಸಿ' ಅಂದರೆ ಅದನ್ನು ಬಿಟ್ಟು ಕೊಡುತ್ತಾರೆ. ನಲ್ಲಿ ನೀರು ಕುಡಿಯಬೇಡಿ. ಕೋತಿಗಳಿಗೆ ತಿನ್ನಲು ಕೊಡಬೇಡಿ. ಬಾಲಿಯಲ್ಲಿ ರೇಬೀಸ್ ಇದೆ, ಕೋತಿಯಾಗಲಿ ನಾಯಿಯಾಗಲಿ ಕಚ್ಚಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಇನ್ನೊಂದು: ನಮ್ಮ ಯುಗಾದಿಯ ಆಸುಪಾಸಿನಲ್ಲೇ ಅವರ ಶಕ ವರ್ಷದ ಮೊದಲ ದಿನ ನ್ಯೇಪಿ ಬರುತ್ತದೆ. ಅಂದು ಇಡೀ ದ್ವೀಪ ಮೌನ. ವಿಮಾನ ನಿಲ್ದಾಣವೇ 24 ಗಂಟೆ ಬಂದ್, ಪ್ರವಾಸಿಗರೂ ಬೀದಿಗೆ ಇಳಿಯುವ ಹಾಗಿಲ್ಲ. ಟಿಕೆಟ್ ಮಾಡುವ ಮುನ್ನ ಆ ದಿನ ನೋಡಿಕೊಳ್ಳಿ.

ಲಕ್ಷದ್ವೀಪ ಯಾಕೆ ಇಲ್ಲ?

ನಕಾಶೆಯಲ್ಲಿ ನಮಗೆ ಹತ್ತಿರ, ನೀರಿನ ಬಣ್ಣಕ್ಕೆ ಸಾಟಿಯಿಲ್ಲ. ಆದರೆ ಪ್ರವೇಶಕ್ಕೆ ಪರವಾನಗಿ ಬೇಕು, ಕೊಚ್ಚಿಯಿಂದ ಹೋಗುವ ಹಡಗಿನಲ್ಲಿ ಸೀಟು ಸಿಗಬೇಕು, ಹೆಚ್ಚಿನವು ಪ್ಯಾಕೇಜ್‌ಗಳೇ. ಇಷ್ಟಬಂದಂತೆ ಸುತ್ತುವ ಪ್ರವಾಸಕ್ಕೆ ಅದು ಹೊಂದುವುದಿಲ್ಲ.

ಮನೆಯಿಂದ ಹೊರಡುವ ಲೆಕ್ಕ

ಮೂರಕ್ಕೂ ದಾರಿ ಹೆಚ್ಚಾಗಿ ಬೆಂಗಳೂರಿನ ಮೇಲೇ. ರಾಣಿ ಚೆನ್ನಮ್ಮ, ಗೋಲಗುಂಬಜ್, ಬಸವ ಎಕ್ಸ್‌ಪ್ರೆಸ್ ಯಾವುದು ನಿಮ್ಮ ಊರಿಗೆ ಅನುಕೂಲವೋ ಅದು. ವಿಜಯಪುರದವರು ಹೈದರಾಬಾದ್‌ನ ವಿಮಾನದ ದರವನ್ನೂ ಒಮ್ಮೆ ಹೋಲಿಸಿ ನೋಡಲಿ. ರೈಲು ಇಳಿದ ದಿನವೇ ಬೆಳಗ್ಗೆ ವಿಮಾನ ಇಟ್ಟುಕೊಳ್ಳಬೇಡಿ. ರೈಲು ಎರಡು ತಾಸು ತಡವಾಗುವುದು ನಮಗೆ ಗೊತ್ತಿಲ್ಲದ್ದೇನಲ್ಲ, ಮೇಲೆ ದೇವನಹಳ್ಳಿ ದಾರಿ ಬೇರೆ. ಸ್ಟೇಷನ್‌ನಿಂದ ಅಲ್ಲಿಗೆ ಒಬ್ಬರೇ ಆದರೆ ವಾಯುವಜ್ರ ಬಸ್ಸು ಅಗ್ಗ. ನಾಲ್ವರಾದರೆ ಟ್ಯಾಕ್ಸಿ ದರವನ್ನೂ ಪಕ್ಕದಲ್ಲಿಟ್ಟು ನೋಡಿ, ದೊಡ್ಡ ವ್ಯತ್ಯಾಸ ಇರುವುದಿಲ್ಲ.

ಶ್ರೀಲಂಕಾ, ಬಾಲಿ ಅಂದುಕೊಂಡರೆ ಮಕ್ಕಳ ಪಾಸ್‌ಪೋರ್ಟ್ ಕೆಲಸ ಈಗಲೇ ಶುರುಮಾಡಿ. ಮಕ್ಕಳಿಗೆ 1,000 ರೂಪಾಯಿ, ದೊಡ್ಡವರಿಗೆ 1,500. ಈ ದುಡ್ಡನ್ನೂ ಹೋಲಿಕೆಯಲ್ಲಿ ಸೇರಿಸಬೇಕು, ಹಲವರು ಮರೆಯುತ್ತಾರೆ. ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷ ನಡೆಯುತ್ತದೆ. ಪ್ರಯಾಣದ ಹೊತ್ತಿಗೆ ಆರು ತಿಂಗಳಾದರೂ ಅವಧಿ ಉಳಿದಿರಬೇಕು.

ಚೀಲ ನಾಲ್ಕು ಬೇಡ. ದೊಡ್ಡವರಿಗೆ ಎರಡು ದೊಡ್ಡವು, ಮಕ್ಕಳಿಗೆ ಅವರ ಶಾಲೆಯ ಬ್ಯಾಗೇ ಸಾಕು. ತಿಂಡಿ ವಿಷಯದಲ್ಲಿ ನಮ್ಮಷ್ಟು ಅನುಕೂಲ ಯಾರಿಗೂ ಇಲ್ಲ. ಖಡಕ್ ರೊಟ್ಟಿ ಕೆಡುವುದಿಲ್ಲ, ಶೇಂಗಾ ಚಟ್ನಿ ಪುಡಿ ಕೆಡುವುದಿಲ್ಲ, ಅಮೀನಗಡದ ಕರದಂಟು ಒಂದು ತುಂಡು ತಿಂದರೆ ಮಕ್ಕಳು ಮಧ್ಯಾಹ್ನದ ತನಕ ಸುಮ್ಮನಿರುತ್ತಾರೆ. ಪುಡಿ, ಉಪ್ಪಿನಕಾಯಿ ಎಲ್ಲ ಚೆಕ್-ಇನ್ ಚೀಲಕ್ಕೆ ಹಾಕಿ. ಕೈಚೀಲದಲ್ಲಿದ್ದರೆ ಭದ್ರತಾ ತಪಾಸಣೆಯಲ್ಲಿ ತೆಗೆಸುತ್ತಾರೆ. ರೊಟ್ಟಿ ಕೈಚೀಲದಲ್ಲೇ ಇರಲಿ, ಕೆಳಗೆ ಹಾಕಿದರೆ ಚೂರಾಗುತ್ತದೆ. ಬಾಲಿಗಾದರೆ ತಂದ ತಿನಿಸನ್ನು ಕಸ್ಟಮ್ಸ್ ಫಾರಂನಲ್ಲಿ ಬರೆಯಿರಿ.

ನನ್ನ ಆಯ್ಕೆ ಕೇಳಿದರೆ: ಏಪ್ರಿಲ್‌ನಲ್ಲಿ ಒಂದು ವಾರ ಸಿಕ್ಕರೆ ಅಂಡಮಾನ್, ಪಾಸ್‌ಪೋರ್ಟ್ ಇದ್ದು ಮೇ ತಿಂಗಳಾದರೆ ಟ್ರಿಂಕೋಮಲಿ, ದಸರೆಗೆ ಎರಡು ವಾರ ಪೂರ್ತಿ ಸಿಕ್ಕರೆ ಬಾಲಿ. ಇಷ್ಟು ದೂರ ಹೋಗುವ ಮೊದಲು ಮಕ್ಕಳು ಚೀಲ ಹೊತ್ತು ನಡೆಯುತ್ತಾರೋ ಇಲ್ಲವೋ ಅಂತ ಗೋವಾದ ದಿವಾರ್ ದ್ವೀಪದಲ್ಲಿ ಒಂದು ಶನಿವಾರ-ಭಾನುವಾರ ನೋಡಿಬಿಡಿ. ಬೆಳಗಾವಿಯಿಂದ ಚೋರ್ಲಾ ಘಾಟಿನ ಮೇಲೆ ಪಣಜಿ, ಅಲ್ಲಿಂದ ಓಲ್ಡ್ ಗೋವಾ. ಮಾಂಡೋವಿ ದಾಟಿಸುವ ಸರ್ಕಾರಿ ಫೆರ್ರಿಗೆ ನಡೆದು ಹತ್ತುವವರಿಂದ ದುಡ್ಡು ತಗೊಳ್ಳುವುದಿಲ್ಲ.